ದೇವರಿಗೆ ಎಷ್ಟು ಹೆಚ್‌ಪಿ?

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಏಳೆಂಟು ಮಕ್ಕಳಿಗೆ ನಾನು ಭಾನುವಾರದ ಆಟ ನಡೆಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಆಟದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಅದನ್ನು ತಿದ್ದಿದವರು ನಮ್ಮ ಸಂಘದ ಒಬ್ಬ ಅಜ್ಜಿ. ಇವತ್ತು ಆ ತಪ್ಪಿನ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಇದು ಮೊಬೈಲ್ ಆಟ ಅಲ್ಲ. ಮೇಜಿನ ಸುತ್ತ ಕುಳಿತು ಬಾಯಿಮಾತಿನಲ್ಲಿ ಆಡುವ ರೋಲ್‌ಪ್ಲೇಯಿಂಗ್ ಗೇಮ್. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. "ಎದುರಿಗೆ ಹೊಳೆ ಇದೆ, ಸೇತುವೆ ಮುರಿದಿದೆ, ಏನು ಮಾಡ್ತೀರಿ?" ಎಂದು ನಾನು ಕೇಳಿದರೆ, "ನಾನು ಈಜ್ತೀನಿ" ಅನ್ನುತ್ತಾಳೆ ಒಬ್ಬಳು. ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಆಚೆ ದಡ, ಕಡಿಮೆ ಬಿದ್ದರೆ ನೀರು ಕುಡಿಯಬೇಕು. ಪ್ರತಿ ಪಾತ್ರಕ್ಕೂ ಇಷ್ಟು ಎಂದು ಜೀವಾಂಕ ಇರುತ್ತದೆ. ಮಕ್ಕಳು ಅದನ್ನು ಹೆಚ್‌ಪಿ ಅನ್ನುತ್ತಾರೆ. ಏಟು ಬಿದ್ದಂತೆ ಅದು ಇಳಿಯುತ್ತದೆ, ಸೊನ್ನೆ ಆದರೆ ಪಾತ್ರ ಮುಗಿಯಿತು.

ಈ ಬಗೆಯ ಆಟಗಳಿಗೆಲ್ಲ ಮೂಲವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಎರಡೇ ವರ್ಷದಲ್ಲಿ, 1976ರಲ್ಲಿ, ಅದೇ ಆಟಕ್ಕೆ ದೇವರುಗಳ ಪುಸ್ತಕ ಬಂತು. ಈಜಿಪ್ಟ್, ಗ್ರೀಸ್, ನಾರ್ಸ್ ದೇವರುಗಳ ಜೊತೆಗೆ ನಮ್ಮವರೂ ಅದರಲ್ಲಿದ್ದರು. 1980ರಲ್ಲಿ ಬಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಪುಸ್ತಕದಲ್ಲಿ ಇಂದ್ರ, ಅಗ್ನಿ, ಯಮ, ಲಕ್ಷ್ಮಿ, ಕಾಳಿ, ವಿಷ್ಣು ಎಲ್ಲರಿಗೂ ಒಂದೊಂದು ಪಟ್ಟಿ ಇದೆ: ಇಷ್ಟು ಜೀವಾಂಕ, ಇಷ್ಟು ಬಲ, ಇಷ್ಟು ಬುದ್ಧಿ.

1976ರ ಪುಸ್ತಕದ ಮುನ್ನುಡಿಯಲ್ಲಿ ಒಂದು ತಮಾಷೆ ಇದೆ. ಆಟಗಾರರು ತಮ್ಮ ಪಾತ್ರಗಳನ್ನು ಮಿತಿಮೀರಿ ಬೆಳೆಸಿಕೊಂಡಿದ್ದರಂತೆ. ದೇವರ ದೇವ ಓಡಿನ್‌ಗೇ 300 ಜೀವಾಂಕ ಇರುವಾಗ ನಿಮ್ಮದೆಲ್ಲ ಯಾವ ಲೆಕ್ಕ ಎಂದು ತೋರಿಸುವುದು ಅವರ ಉದ್ದೇಶ. ಆದರೆ ನಾನು ಸಾಫ್ಟ್‌ವೇರ್‌ನವಳು, ನನಗೆ ಇದು ಚೆನ್ನಾಗಿ ಗೊತ್ತು: ಒಂದು ಸಂಖ್ಯೆ ಕೊಟ್ಟಿರೋ, ಜನ ಅದನ್ನು ಸೊನ್ನೆ ಮಾಡಲು ನೋಡುತ್ತಾರೆ. ದೇವರಿಗೆ 300 ಅಂದರೆ, 301 ಏಟು ಹೊಡೆಯುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆ.

ನನ್ನ ತಪ್ಪೂ ಹೀಗೇ ಶುರುವಾಯಿತು. ಆ ಆಟಗಳಲ್ಲಿ ನೆಲಮಾಳಿಗೆಯ ಗುಹೆಗೆ ಇಳಿಯುವುದು ಪದ್ಧತಿ. ಕೆಳಗೆ ಹೋದಷ್ಟೂ ಅಪಾಯ ಹೆಚ್ಚು. ನಮ್ಮಲ್ಲಿ ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಲ ಎಂದು ಏಳು ಅಧೋಲೋಕಗಳಿವೆಯಲ್ಲ, ಏಳು ಹಂತ ಸಿದ್ಧವಾಗಿಯೇ ಇದೆ ಅಂದುಕೊಂಡೆ. ಮೂರನೇ ಹಂತ ಸುತಲ. ಅಲ್ಲಿರುವವನು ಬಲಿ ಚಕ್ರವರ್ತಿ. ಅವನಿಗೆ 120 ಜೀವಾಂಕ, ಒಂದು ಗದೆ, ಮೈತುಂಬ ಕವಚ ಕೊಟ್ಟೆ. ಅವನನ್ನು ಸೋಲಿಸಿದರೆ ನಾಲ್ಕನೇ ಹಂತಕ್ಕೆ ದಾರಿ.

ಮಕ್ಕಳು ಖುಷಿಯಿಂದ ದಾಳ ಉರುಳಿಸುತ್ತಿದ್ದರು. ಬಲಿಯ ಜೀವಾಂಕ ಮೂವತ್ತಕ್ಕೆ ಇಳಿದಿತ್ತು. ಮೊಮ್ಮಗನನ್ನು ಕರೆದೊಯ್ಯಲು ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಪುತ್ತೂರು ಕಡೆಯ ಅಜ್ಜಿ ಕೇಳಿದರು, "ಎಂತ ಮಾರಾಯ್ತಿ ಇದು? ದೀಪಾವಳಿಗೆ ನಾವು ದೀಪ ಇಟ್ಟು ಕೂಗಿ ಕರೆಯುವವನನ್ನು ಮಕ್ಕಳ ಕೈಯಲ್ಲಿ ಕೊಲ್ಲಿಸ್ತೀಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ಆಟ ಅಲ್ಲಿಗೇ ನಿಲ್ಲಿಸಿದೆ. ಅಜ್ಜಿ ಮಕ್ಕಳಿಗೆ ತಮ್ಮೂರಿನ ಗದ್ದೆಯಲ್ಲಿ ಬಲಿಪಾಡ್ಯಮಿಯ ಸಂಜೆ ಬಲೀಂದ್ರನನ್ನು ಕರೆಯುವುದನ್ನು ಹೇಳಿದರು. ಪುಣೆಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಇನ್ನೊಂದು ಮಾತೂ ನೆನಪಾಯಿತು. ಇಲ್ಲಿನ ಮರಾಠಿ ಮನೆಗಳಲ್ಲೂ ಆ ದಿನ ಕಷ್ಟ ಕಳೆಯಲಿ, ಬಲಿಯ ರಾಜ್ಯ ಬರಲಿ ಎಂದು ಹಾರೈಸುತ್ತಾರೆ. ಅಂದರೆ ನಾನು ಕೊಲ್ಲಿಸಲು ಹೊರಟಿದ್ದವನು ಎರಡು ಭಾಷೆಯ ಜನ ಈಗಲೂ ದಾರಿ ಕಾಯುವ ಅರಸ.

ಮನೆಗೆ ಬಂದು ಮತ್ತೆ ಓದಿದೆ. ಮೊದಲ ತಪ್ಪು ಲೋಕದ ನಕ್ಷೆಯಲ್ಲೇ ಇತ್ತು. ಕೆಳಗಿರುವುದೆಲ್ಲ ನರಕ ಎಂಬುದು ನಮ್ಮ ಪುರಾಣದ ಲೆಕ್ಕವಲ್ಲ. ನರಕ ಬೇರೆ, ಅಧೋಲೋಕ ಬೇರೆ. ವಿಷ್ಣು ಪುರಾಣದಲ್ಲಿ ನಾರದರು ಪಾತಾಲವನ್ನು ನೋಡಿ ಬಂದು, ಅದು ಸ್ವರ್ಗಕ್ಕಿಂತ ಚೆಂದ ಎನ್ನುತ್ತಾರೆ. ಭಾಗವತದಲ್ಲಂತೂ ಸುತಲದ ಬಲಿಯ ಬಾಗಿಲಲ್ಲಿ ವಿಷ್ಣುವೇ ಕಾವಲು ನಿಲ್ಲುತ್ತಾನೆ. ಬೇರೆಯವರ ಆಟದ ಅಚ್ಚಿಗೆ ನಮ್ಮ ಹೆಸರು ಸುರಿದರೆ ಹೆಸರು ಮಾತ್ರ ನಮ್ಮದಾಗಿ ಉಳಿಯುತ್ತದೆ.

ಎರಡನೇ ತಪ್ಪು ರಾಕ್ಷಸ, ಅಸುರ ಎಂದ ಕೂಡಲೇ ಕೆಟ್ಟವರು ಎಂದು ಮುದ್ರೆ ಒತ್ತಿದ್ದು. 1977ರ 'ಮಾನ್ಸ್ಟರ್ ಮ್ಯಾನುಯಲ್' ಪುಸ್ತಕದಲ್ಲಿ ರಾಕ್ಷಸನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆ ಸೇದುವ ಪೈಪು, ಪಕ್ಕದಲ್ಲಿ ಸ್ವಭಾವ ಕೆಟ್ಟದ್ದು ಎಂಬ ಒಂದು ಸಾಲು. ಇಡೀ ಕುಲಕ್ಕೆ ಒಂದೇ ಸ್ವಭಾವ! ವಿಭೀಷಣನನ್ನು ಎಲ್ಲಿಡುವುದು? ಪ್ರಹ್ಲಾದನನ್ನು? ಬಲಿ ಆ ಪ್ರಹ್ಲಾದನ ಮೊಮ್ಮಗನೇ ಅಲ್ಲವೇ? ಹುಟ್ಟಿನಿಂದಲೇ ಗುಣ ಅಳೆಯುವ ಪಾಠವನ್ನು ಆಟದ ಹೆಸರಿನಲ್ಲಿ ಮಕ್ಕಳಿಗೆ ಕಲಿಸುವುದು ನನಗೆ ಬೇಡವಾಗಿತ್ತು.

ಹಾಗಾದರೆ ದೇವರನ್ನು ಆಟಕ್ಕೆ ತರಲೇಬಾರದೇ? ತರಬಹುದು ಎಂದೇ ನನ್ನ ಅನಿಸಿಕೆ. ಯಕ್ಷಗಾನದ ರಂಗಸ್ಥಳದಲ್ಲಿ ದೇವರು ಬರುತ್ತಾರೆ, ಕುಣಿಯುತ್ತಾರೆ, ಮಾತಿನಲ್ಲಿ ಸೋಲುವುದೂ ಉಂಟು. ನಮಗೆ ಇದು ಹೊಸದಲ್ಲ. ಈಚಿನ ಉದಾಹರಣೆ ನಮ್ಮ ಪುಣೆಯಲ್ಲೇ ಇದೆ. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ 'ರಾಜಿ' ಎಂಬ ವಿಡಿಯೋ ಗೇಮ್ ತಂದಿತು. ಅದರಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿ ನಾಯಕಿ. ದುರ್ಗೆ ಮತ್ತು ವಿಷ್ಣು ಅವಳ ಕಥೆಯನ್ನು ಹೇಳುತ್ತಾರೆ. ಹೋರಾಡುವುದು ಹುಡುಗಿ.

ನಾನು ಆಟವನ್ನು ಮೂರು ನಿಯಮಗಳ ಮೇಲೆ ಮತ್ತೆ ಕಟ್ಟಿದೆ.

ಒಂದು, ದೇವರಿಗೆ ಅಂಕ ಇಲ್ಲ. ದೇವರು ಆಟದಲ್ಲಿ ವರ ಕೊಡಲು ಬರುತ್ತಾರೆ. ವರದ ಮಾತುಗಳನ್ನು ಮಗುವೇ ಕನ್ನಡದಲ್ಲಿ ಬರೆಯಬೇಕು. ಅದರಲ್ಲಿ ಎಲ್ಲಿ ಬಿರುಕಿದೆ ಎಂದು ನಾನು ಹುಡುಕುತ್ತೇನೆ. ಹಿರಣ್ಯಕಶಿಪು ಒಳಗೂ ಬೇಡ ಹೊರಗೂ ಬೇಡ, ಹಗಲೂ ಬೇಡ ಇರುಳೂ ಬೇಡ ಎಂದು ಎಷ್ಟು ಎಚ್ಚರದಿಂದ ಕೇಳಿದ! ಹೊಸ್ತಿಲು ಮತ್ತು ಮುಸ್ಸಂಜೆ ಉಳಿದುಬಿಟ್ಟವು. ನಾವು ಆಫೀಸಿನಲ್ಲಿ ಎಡ್ಜ್ ಕೇಸ್ ಅನ್ನುವುದು ಇದನ್ನೇ. ನನ್ನ ಹತ್ತು ವರ್ಷದ ಮಗಳು "ಬೆಂಕಿ ನನ್ನನ್ನು ಸುಡಬಾರದು" ಎಂದು ಬರೆದಳು. ಹೊಗೆಯಲ್ಲಿ ಉಸಿರುಕಟ್ಟಿ ಬಿದ್ದಳು. ಮುಂದಿನ ವಾರ ಅರ್ಧ ಪುಟದ ವರ ಬರೆದು ತಂದಳು. ಮನೆಯಲ್ಲಿ ಎರಡು ಸಾಲು ಕನ್ನಡ ಬರೆ ಎಂದರೆ ಮುಖ ತಿರುಗಿಸುವವಳು!

ಎರಡು, ಪ್ರತಿ ಲೋಕಕ್ಕೂ ಅದರದೇ ನೀತಿ. ಯಮಲೋಕದಲ್ಲಿ ಕತ್ತಿ ನಡೆಯುವುದಿಲ್ಲ, ಮಾತು ನಡೆಯುತ್ತದೆ. ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಕಾದ. ಅತಿಥಿಯನ್ನು ಕಾಯಿಸಿದ್ದಕ್ಕೆ ಯಮನೇ ಮೂರು ವರ ಕೊಡಬೇಕಾಯಿತು. ಇಲ್ಲಿ ವಟಪೌರ್ಣಿಮೆಗೆ ಆಲದ ಮರಕ್ಕೆ ದಾರ ಸುತ್ತುವಾಗ ನಾವು ನೆನೆಯುವ ಸಾವಿತ್ರಿಯನ್ನೇ ನೋಡಿ. ಗಂಡನ ಜೀವ ಬಿಟ್ಟು ಬೇರೇನಾದರೂ ಕೇಳು ಎಂದ ಯಮ. ಅವಳು ಸತ್ಯವಾನನಿಂದ ನೂರು ಮಕ್ಕಳನ್ನು ಕೇಳಿದಳು. ಯಮ ಅಸ್ತು ಅಂದ, ಅವನ ಮಾತಿಗೆ ಅವನೇ ಸಿಕ್ಕಿಬಿದ್ದ. ವ್ರತದ ದಿನ ಅವಳ ಪಾತಿವ್ರತ್ಯ ಹೊಗಳುತ್ತೇವೆ. ಅವಳ ಚುರುಕುತನವನ್ನೂ ಹೆಣ್ಣುಮಕ್ಕಳಿಗೆ ಹೇಳೋಣ.

ಮೂರು, ಯಾರನ್ನು ತರಬಾರದು ಎಂದು ಮನೆಯವರನ್ನು ಕೇಳುವುದು. ಈ ನಿಯಮ ಅಜ್ಜಿಯದು. ಯಕ್ಷಗಾನದ ವೇಷ ಕಲಾವಿದನ ಪಾತ್ರ. ದೈವದ ಕೋಲದಲ್ಲಿ ಬಂದು ನುಡಿ ಕೊಡುವುದನ್ನು ಅವರು ಪಾತ್ರ ಅನ್ನುವುದಿಲ್ಲ. ಹಾಗಾಗಿ ದೈವಗಳು ನಮ್ಮ ಆಟದಲ್ಲಿಲ್ಲ. ಯಾರ ಮನೆದೇವರೂ ಅವರನ್ನು ಕೇಳದೆ ಬರುವುದಿಲ್ಲ. ಜ್ಯೂಸ್‌ಗೆ ಅಂಕ ಕೊಟ್ಟರೆ ನಮ್ಮ ಅಕ್ಕಪಕ್ಕದ ಯಾರಿಗೂ ನೋವಾಗಲಿಕ್ಕಿಲ್ಲ. ನಮ್ಮ ದೇವರಿಗೆ ಇವತ್ತು ಬೆಳಿಗ್ಗೆಯೂ ನೈವೇದ್ಯ ಆಗಿದೆ.

ರಜೆಯ ಕೊನೆಯ ಭಾನುವಾರ ಮಕ್ಕಳು ಮತ್ತೆ ಸುತಲಕ್ಕೆ ಇಳಿದರು. ಈ ಸಲ ಬಲಿಯ ಕೈಯಲ್ಲಿ ಗದೆ ಇರಲಿಲ್ಲ. ಅವನಿಗೆ ಒಂದೇ ನಿಯಮ: ಬೇಡಿದವರಿಗೆ ಇಲ್ಲ ಅನ್ನಲಾರ. ಒಬ್ಬೊಬ್ಬರಿಗೆ ಒಂದೇ ಬೇಡಿಕೆ. ಮಕ್ಕಳಿಗೆ ಕಾದಾಟಕ್ಕಿಂತ ಇದು ಕಷ್ಟವಾಯಿತು. ಒಬ್ಬ ಹುಡುಗ "ನಿನ್ನ ರಾಜ್ಯ ಕೊಡು" ಎಂದ. ಬಲಿ ಕೊಟ್ಟುಬಿಟ್ಟ. ಹುಡುಗನಿಗೆ ಗೆದ್ದ ಖುಷಿ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸ್ ಕೊಡಬಹುದಾ ಆಂಟಿ?" ಎಂದು ಕೇಳಿದ. ಅಜ್ಜಿಯ ಮೊಮ್ಮಗನ ಸರದಿ ಬಂದಾಗ ಅವನು, "ಈ ಸಲ ದೀಪಾವಳಿಗೆ ನಮ್ಮ ಮನೆಗೆ ಬಾ, ಏಳನೇ ಮಹಡಿ, ಗದ್ದೆ ಇಲ್ಲ, ಬಾಲ್ಕನಿಯಲ್ಲಿ ದೀಪ ಇಡ್ತೀವಿ" ಎಂದ. ಅಜ್ಜಿ ಏನೂ ಹೇಳಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ನಮ್ಮ ಮಕ್ಕಳು ದೇವರನ್ನು ಇನ್ನು ಮುಂದೆ ಆಟಗಳಲ್ಲೇ ಹೆಚ್ಚು ಭೇಟಿಯಾಗುತ್ತಾರೆ. ಆ ಆಟಗಳನ್ನು ಯಾರೋ ಎಲ್ಲೋ ಮಾಡುತ್ತಾರೆ. ಬೇಡ ಎಂದು ಫೋನ್ ಕಿತ್ತುಕೊಂಡರೆ ಆಗುವುದಿಲ್ಲ. ಪಕ್ಕದಲ್ಲಿ ಕುಳಿತು, "ಇವನು ಯಾರು ಗೊತ್ತಾ? ನಮ್ಮೂರಲ್ಲಿ ಇವನ ಕಥೆ ಬೇರೆ ಇದೆ" ಎನ್ನುವವರು ಒಬ್ಬರು ಬೇಕು. ನನಗೆ ಎಂಟೆಕ್ ಇದೆ, ದಾಳ ಇದೆ, ನಿಯಮ ಬರೆಯಲು ಬರುತ್ತದೆ. ಕಥೆ ನಿಮ್ಮಲ್ಲಿದೆ. ಮುಂದಿನ ಭಾನುವಾರ ಮಕ್ಕಳನ್ನು ಬಿಟ್ಟು ಹೊರಟುಬಿಡಬೇಡಿ. ಮೂಲೆಯಲ್ಲಿ ಇನ್ನೂ ನಾಲ್ಕು ಕುರ್ಚಿ ಹಾಕಿಸಿರುತ್ತೇನೆ.