ಸುದ್ದಿ ಬಂದಾಗ ಮಾತೆ ಮರಿಯಮ್ಮ ಏನು ಮಾಡಿದರು?

(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



 ಒಂಬತ್ತು ದಿನ ನೊವೇನಾ ಮಾಡಿ, ಇವತ್ತು ಹೊಸ ತೆನೆ ಹಿಡಿದುಕೊಂಡು ಬಂದಿದ್ದೀರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದಲೂ ಬಂದವರಿದ್ದೀರಿ. ಭತ್ತದ ತೆನೆ ಅಪರೂಪವಾದ ಈ ಬಯಲುಸೀಮೆಯಲ್ಲಿ ಮಕ್ಕಳ ಕೈಯಲ್ಲಿ ಸಜ್ಜೆ, ಮೆಕ್ಕೆಜೋಳದ ತೆನೆ ನೋಡಿದಾಗ ಮನಸ್ಸು ತುಂಬಿ ಬರುತ್ತದೆ.

ಬೆಳಿಗ್ಗೆ 5 ಗಂಟೆಗೆ ಎದ್ದು ಮೊಬೈಲ್ ತೆಗೆದೆ. 62 ಶುಭಾಶಯಗಳು ಬಂದಿದ್ದವು. ಸಂತೋಷವಾಯಿತು. ಒಂದೊಂದಾಗಿ ತೆರೆದು ನೋಡಿದರೆ, 15 ಜನ ಕಳಿಸಿದ್ದು ಒಂದೇ ಚಿತ್ರ. ಅದರ ಕೆಳಗೆ ಸ್ವರ್ಗಸ್ವೀಕಾರದ ಹಬ್ಬದ ಶುಭಾಶಯಗಳು ಎಂದು ಬರೆದಿತ್ತು. ಅದು ಆಗಸ್ಟ್ 15ರ ಹಬ್ಬ! ತಾಯಿ ಹುಟ್ಟಿದ ದಿನವೇ ನಾವು ಅವರನ್ನು ಸ್ವರ್ಗಕ್ಕೆ ಕಳಿಸಿಬಿಟ್ಟಿದ್ದೆವು. 15 ಜನರಲ್ಲಿ ಒಬ್ಬರಾದರೂ ಓದಿ ಕಳಿಸಿದರೇ? ನಗಬೇಡಿ, ಆ ಹದಿನೈದು ಮಂದಿಯಲ್ಲಿ ಹಲವರು ಇಲ್ಲೇ ಕುಳಿತಿದ್ದೀರಿ.

ಮೊಬೈಲ್ ಎಂದ ಕೂಡಲೇ ಫಾದರ್ ಬೈಯಲು ಶುರುಮಾಡುತ್ತಾರೆ ಎಂದು ಹಿಂದಿನ ಸಾಲಿನ ಯುವಕರು ಆಗಲೇ ತಲೆ ತಗ್ಗಿಸಿದ್ದೀರಿ. ಇಲ್ಲ, ಬೈಯುವುದಿಲ್ಲ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ಮನೆಗೆ ಮಾತನಾಡಬೇಕೆಂದರೆ ಭಾನುವಾರ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲಬೇಕಿತ್ತು. ಒಳಗೆ ಹೋದ ಮೇಲೆ ಅಮ್ಮನ ಮಾತಿಗಿಂತ ಆ ಯಂತ್ರದಲ್ಲಿ ಓಡುವ ಕೆಂಪು ಅಂಕಿಯ ಮೇಲೇ ಕಣ್ಣು! ಇಂದು ನಮ್ಮ ಅಜ್ಜಿಯರು ಕುವೈತಿನಲ್ಲಿರುವ ಮೊಮ್ಮಗಳ ಮುಖವನ್ನೇ ನೋಡುತ್ತಾ ಮಾತನಾಡುತ್ತಾರೆ. ಇದನ್ನು ದೇವರ ಕೊಡುಗೆ ಎನ್ನದೆ ಮತ್ತೇನು ಹೇಳೋಣ? ಅಂತರ್ಜಾಲ ದೇವರ ಕೊಡುಗೆ ಎಂಬ ಮಾತನ್ನು ಜಗದ್ಗುರು ಫ್ರಾನ್ಸಿಸ್ ಅವರೇ 2014ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಹೇಳಿದ್ದರು.

ಎಷ್ಟು ಬೇಗ ಬಂದುಬಿಟ್ಟಿತು ನೋಡಿ. 2016ರ ಸೆಪ್ಟೆಂಬರ್ 4ರಂದು ಮದರ್ ತೆರೇಸಾ ಅವರಿಗೆ ಸಂತ ಪದವಿ ಘೋಷಣೆಯಾಯಿತು. ಮರುದಿನವೇ, ಸೆಪ್ಟೆಂಬರ್ 5ರಂದು, ಜಿಯೋ ಸೇವೆ ಆರಂಭವಾಯಿತು. ಮೊದಲನೆಯ ದಿನ ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ಕಾಣೆ, ಎರಡನೆಯದರ ಸಿಮ್‌ಗಾಗಿ ಸಾಲು ನಿಂತದ್ದಂತೂ ಎಲ್ಲರಿಗೂ ನೆನಪಿದೆ. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಅದಾದ ಮೇಲೆ ನೋಡುನೋಡುತ್ತಿದ್ದಂತೆ ಸೊಪ್ಪು ಮಾರುವ ತಾಯಿಯ ತಕ್ಕಡಿಯ ಪಕ್ಕದಲ್ಲೂ ಯುಪಿಐ ಸ್ಟಿಕ್ಕರ್ ಬಂದು ಕುಳಿತಿತು. ಸ್ಮಾರ್ಟ್‌ಫೋನ್ ಇಲ್ಲದವರ ಗತಿ ಏನು ಎಂದು ಯಾರೋ ಯೋಚಿಸಿದ್ದರಿಂದ, 2022ರ ಮಾರ್ಚ್‌ನಲ್ಲಿ ಹಳೆಯ ಗುಂಡಿ ಒತ್ತುವ ಫೋನಿನಿಂದಲೂ ಹಣ ಕಳಿಸುವ ವ್ಯವಸ್ಥೆ ಬಂತು. ಹೊಸ ಆವಿಷ್ಕಾರ ಎಂದರೆ ನನಗೆ ಇಷ್ಟವಾಗುವುದು ಇಂಥದ್ದು, ಕೈಯಲ್ಲಿ ಏನೂ ಇಲ್ಲದವನನ್ನು ನೆನಪಿಟ್ಟುಕೊಂಡು ಮಾಡಿದ್ದು.

ನಮ್ಮ ರೈತರ ವಿಷಯಕ್ಕೆ ಬರೋಣ. ಭೀಮಸಮುದ್ರದಲ್ಲಿ ಅಡಿಕೆ ಎಷ್ಟಕ್ಕೆ ಹೋಯಿತು, ತಿಪಟೂರಿನಲ್ಲಿ ಕೊಬ್ಬರಿ ಎಷ್ಟಕ್ಕೆ ನಿಂತಿತು ಎಂಬುದನ್ನು ಹೊಳಲ್ಕೆರೆ, ಹೊಸದುರ್ಗದವರು ತೋಟದಲ್ಲಿ ನಿಂತೇ ನೋಡುತ್ತಾರೆ. ದಲ್ಲಾಳಿ ಹೇಳಿದ್ದೇ ರೇಟು ಎಂಬ ಕಾಲ ಹೋಯಿತು. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರೇ ಮಾಡಿಕೊಳ್ಳಲು ಒಂದು ಆ್ಯಪ್ ತಂದಿತು. ಹೊಲದಲ್ಲಿ ನಿಂತು, ಸರ್ವೆ ನಂಬರ್ ಹಾಕಿ, ಈರುಳ್ಳಿಯೋ ಶೇಂಗಾವೋ ಅದರ ಫೋಟೋ ತೆಗೆದು ಕಳಿಸಬೇಕು. ಅದರಲ್ಲಿ ಒಂದು ವಿಶೇಷ ಗಮನಿಸಿದ್ದೀರಾ? ಹೊಲದಲ್ಲೇ ನಿಂತಿರಬೇಕು. ಕಳಿಸಿದವರು ಯಾರು, ಎಲ್ಲಿಂದ, ಕಂಡದ್ದು ಏನು, ಮೂರಕ್ಕೂ ಲೆಕ್ಕವಿದೆ. ಈ ಮಾತು ಸ್ವಲ್ಪ ನೆನಪಿನಲ್ಲಿಡಿ.

ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಕಥೆಯನ್ನು ಹಿರಿಯೂರಿನ ಜನ ಅಜ್ಜಂದಿರ ಬಾಯಿಂದ ಕೇಳಿದ್ದರು. ಹೇಳುವವರು ಇಂಥವರ ಮಗ, ಇಂಥ ಊರಿನವರು ಎಂದು ಗೊತ್ತಿತ್ತು. 89 ವರ್ಷಗಳ ನಂತರ 2022ರ ಸೆಪ್ಟೆಂಬರ್‌ನಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ನೂರಾರು ವಿಡಿಯೋಗಳು ಬಂದವು. ನೋಡಿ ಕಣ್ಣು ತಂಪಾಯಿತು. ಆದರೆ ಕಳಿಸಿದವರಿಗೆ ಅದನ್ನು ಕಳಿಸಿದವರು ಯಾರು? ಅವರಿಗೆ ಯಾರು? ಗೊತ್ತಿಲ್ಲ. ಮಾತು ಬಂದಿದೆ, ಮಾತನಾಡಿದವರ ಮುಖ ಬಂದಿಲ್ಲ. ನಮ್ಮ ಸಮಾಜದಲ್ಲಿ ಆಗಿರುವ ದೊಡ್ಡ ಬದಲಾವಣೆ ಇದೇ ಎಂದು ನನ್ನ ಎಣಿಕೆ.

ಇನ್ನು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ದುರ್ಗದ ಒಂದು ಆಸ್ಪತ್ರೆಯಲ್ಲಿ ಮಗುವಿಗೆ ತುರ್ತಾಗಿ ರಕ್ತ ಬೇಕಾಗಿದೆ ಎಂಬ ಸಂದೇಶ ಬಂತು. ಮಗು ಎಂದಿತ್ತು, ಹೃದಯ ಕರಗಿತು. ಕೂಡಲೇ ಧರ್ಮಕೇಂದ್ರದ ಗುಂಪಿಗೆ ಕಳಿಸಿದೆ. ಫಾದರ್ ಕಳಿಸಿದ್ದಾರೆಂದು ಹೊಳಲ್ಕೆರೆಯಿಂದ ನಾಲ್ಕು ಹುಡುಗರು ಎರಡು ಬೈಕಿನಲ್ಲಿ, ಮಳೆಯಲ್ಲಿ, 30 ಕಿಲೋಮೀಟರಿಗೂ ಹೆಚ್ಚು ದೂರ ಬಂದರು. ಆಸ್ಪತ್ರೆಯಲ್ಲಿ ಅಂಥ ಮಗುವೇ ಇರಲಿಲ್ಲ. ಅದು ಎರಡು ವರ್ಷ ಹಳೆಯ ಸಂದೇಶ, ದಿನಾಂಕವಿಲ್ಲದೆ ಸುತ್ತುತ್ತಿತ್ತು. ಕೆಳಗೆ ಒಂದು ಫೋನ್ ನಂಬರ್ ಇತ್ತು. ನಾನು ಆ ನಂಬರಿಗೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಹಿಂತಿರುಗುವಾಗ ಒಂದು ಬೈಕ್ ಜಾರಿ ಒಬ್ಬ ಹುಡುಗನ ಕೈ ಮುರಿಯಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವನ ತಾಯಿ ಮಾತ್ರ, ಫಾದರ್, ನೀವು ಕಳಿಸಿದ್ದು ಅಂತ ನಾವು ಕೇಳಲೇ ಇಲ್ಲ ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ. ಆರು ತಿಂಗಳ ನಂತರ, ನಿಜವಾಗಿಯೂ ಒಬ್ಬ ಬಾಣಂತಿಗೆ ರಕ್ತ ಬೇಕಾದಾಗ, ಅದೇ ಗುಂಪಿನಲ್ಲಿ ಕೇಳಿದೆವು. ಕೈ ಮುರಿದುಕೊಂಡ ಹುಡುಗನೇ ಮೊದಲು ಬಂದ. ಆ ಫೋನೇ, ಆ ಗುಂಪೇ.

ಈ ಎರಡು ಸಂದೇಶಗಳ ನಡುವಿನ ವ್ಯತ್ಯಾಸ ಎಲ್ಲಿದೆ? ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದರು. 2200 ವರ್ಷಗಳಿಗೂ ಹಿಂದೆ ಈ ನೆಲಕ್ಕೆ ಬಂದ ಸಂದೇಶ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ಹೇಳಬೇಕು ಎಂಬುದು ಅದರ ಒಂದು ಭಾಗದ ಸಾರ. ನನಗೆ ಅದಕ್ಕಿಂತ ಆಶ್ಚರ್ಯ ತಂದದ್ದು ಅದರ ಆರಂಭ ಮತ್ತು ಕೊನೆ. ಸುವರ್ಣಗಿರಿಯಿಂದ, ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು ಎಂದು ಮೊದಲೇ ತಿಳಿಸುತ್ತದೆ. ಕೊನೆಯಲ್ಲಿ ಬರೆದ ಲಿಪಿಕಾರನ ಹೆಸರೂ ಇದೆ, ಚಪಡ. ಚಕ್ರವರ್ತಿಯ ಮಾತಿಗೇ ಕಳಿಸಿದವರು, ಪಡೆದವರು, ಬರೆದವನು ಎಲ್ಲರ ಹೆಸರು ಬೇಕಾಯಿತು. ನಮ್ಮ ವಾಟ್ಸಾಪಿಗೆ ಫಾರ್ವರ್ಡೆಡ್ ಎಂಬ ಒಂದೇ ಪದ ಸಾಕಾಗಿದೆ.

ಅದೇ ಸಾಕು ಎಂದುಕೊಂಡದ್ದರಿಂದ ಏನಾಯಿತು ಗೊತ್ತೇ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ರಾಜ್ಯವೆಲ್ಲ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ನಟಿಸಿ ಮಾಡಿದ ಜಾಗೃತಿ ಚಿತ್ರ. ಅದನ್ನು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಪ್ರವಾಸ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು. ಮಕ್ಕಳ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತ್ತು. ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರ್ ಜನರ ಹೊಡೆತಕ್ಕೆ ಸತ್ತುಹೋದ. ಹೊಡೆದವರೆಲ್ಲ ಕೊಲೆಗಡುಕರಾಗಿ ಹುಟ್ಟಿದವರೇ? ನಮ್ಮಂತೆ ಮಕ್ಕಳನ್ನು ಸಾಕುವ ಜನ. ಸುದ್ದಿ ಬಂದಾಗ ಒಂದು ಪ್ರಶ್ನೆ ಕೇಳಲಿಲ್ಲ, ಅಷ್ಟೇ. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು. ಬೆರಳಿಗೆ ಮಿತಿ ಬಂತು, ಸರಿ. ಮನಸ್ಸಿಗೆ?

ಪ್ರಿಯರೇ, ಈಗ ಇಂದಿನ ಹಬ್ಬದ ತಾಯಿಯ ಕಡೆಗೆ ನೋಡಿ. ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯ ನಮಗೆಲ್ಲ ಬಾಯಿಪಾಠ. ಮರಿಯಮ್ಮನವರ ಬಳಿ ಬಂದದ್ದು ಸಾಮಾನ್ಯ ಸುದ್ದಿಯಲ್ಲ, ತಂದವನು ಗಬ್ರಿಯೇಲ ದೂತ. ಆದರೂ ಅವರು ತಟ್ಟನೆ ಒಪ್ಪಿಬಿಡಲಿಲ್ಲ. ಮೊದಲು ಕಳವಳಗೊಂಡರು. ಈ ವಂದನೆಯ ಅರ್ಥವೇನು ಎಂದು ಆಲೋಚಿಸಿದರು. ಆಮೇಲೆ ಇದು ನಡೆಯುವುದು ಹೇಗೆ ಎಂದು ನೇರವಾಗಿ ಕೇಳಿದರು. ದೂತನು ಕೋಪಿಸಿಕೊಳ್ಳಲಿಲ್ಲ, ಉತ್ತರ ಕೊಟ್ಟ. ನಿಜವಾದ ಸುದ್ದಿಗೆ ಪ್ರಶ್ನೆಯ ಭಯವಿಲ್ಲ! ಉತ್ತರ ಸಿಕ್ಕ ಮೇಲೆಯೇ ಅವರ ಸಮ್ಮತಿ. ನಾವು ಆ ಸಮ್ಮತಿಯ ಮೇಲೆ ನೂರಾರು ಪ್ರಬೋಧನೆ ಕೇಳಿದ್ದೇವೆ, ಅದರ ಹಿಂದಿನ ಪ್ರಶ್ನೆಯ ಮೇಲೆ ಒಂದೂ ಕೇಳಿಲ್ಲ.

ಎಲಿಜಬೇತಮ್ಮ ಗರ್ಭಿಣಿ ಎಂದು ತಿಳಿದ ಮೇಲೆ? ನಾವಾದರೆ ಎರಡು ಕೈ ಮುಗಿದ ಚಿತ್ರ ಕಳಿಸಿ ಮುಗಿಸುತ್ತಿದ್ದೆವು. ಅವರು ಎದ್ದು ಬೆಟ್ಟದ ಸೀಮೆಗೆ ನಡೆದರು, ನಜರೇತಿನಿಂದ 100 ಕಿಲೋಮೀಟರಿಗೂ ಹೆಚ್ಚು. ಸುಮಾರು ಮೂರು ತಿಂಗಳು ಅಲ್ಲೇ ಇದ್ದರು. 2020ರ ಏಪ್ರಿಲ್ 12, ಪುನರುತ್ಥಾನದ ಹಬ್ಬದಂದು ನಾನು ಹಾಡಿನ ಪುಸ್ತಕಗಳ ಮೇಲೆ ಫೋನ್ ನಿಲ್ಲಿಸಿ ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದೆ. ನೀವು ಮನೆಯಲ್ಲಿ ನೋಡಿದಿರಿ. ಆ ದಿನ ಫೋನ್ ಇಲ್ಲದಿದ್ದರೆ ನಮಗೆ ಗತಿ ಇರಲಿಲ್ಲ. ಆದರೆ ಈಗಲೂ ಕೆಲವರು ಸೋಫಾ ಬಿಟ್ಟು ಎದ್ದಿಲ್ಲವಲ್ಲ!

ಹೆತ್ತವರಿಗೆ ಇನ್ನೊಂದು ಮಾತು. ಮರಿಯಮ್ಮನವರೂ ಒಮ್ಮೆ ಊಹೆಯ ಮೇಲೆ ನಡೆದದ್ದುಂಟು. ಜೆರುಸಲೇಮಿನಿಂದ ಹಿಂತಿರುಗುವಾಗ ಹನ್ನೆರಡು ವರ್ಷದ ಮಗ ನೆಂಟರ ಗುಂಪಿನಲ್ಲಿ ಇದ್ದಾನೆಂದುಕೊಂಡು ಒಂದು ದಿನದ ದಾರಿ ನಡೆದರು. ನಾವೂ ಮಗ ಪಕ್ಕದ ಕೋಣೆಯಲ್ಲೇ ಇದ್ದಾನೆಂದುಕೊಂಡಿದ್ದೇವೆ. ಇದ್ದಾನೆಯೇ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟು ಮನೆ ಹಾಳು ಮಾಡಿದವೆಂದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನನ್ನೇ ತರಬೇಕಾಯಿತು. ಮರಿಯಮ್ಮನವರು ಮಗನ ಬಗ್ಗೆ ಬೇರೆಯವರಿಗೆ ದೂರು ಹೇಳುತ್ತಾ ಕೂರಲಿಲ್ಲ. ಹಿಂದಕ್ಕೆ ನಡೆದರು, ಹುಡುಕಿದರು, ಸಿಕ್ಕಾಗ ಅವನನ್ನೇ ಕೇಳಿದರು.

ದುರ್ಗದವರಿಗೆ ಓಬವ್ವನ ಕಿಂಡಿಯ ಕಥೆ ನಾನು ಹೇಳಬೇಕಾಗಿಲ್ಲ. ಈಗ ಕಿಂಡಿ ನಮ್ಮ ಜೇಬಿನಲ್ಲೇ ಇದೆ. ನಮ್ಮ ಧರ್ಮಕೇಂದ್ರದ ಒಬ್ಬ ವಿಧವೆ ತಾಯಿಗೆ ಪೊಲೀಸ್ ವೇಷದವನೊಬ್ಬ ವಿಡಿಯೋ ಕರೆ ಮಾಡಿ, ನಿಮ್ಮ ಆಧಾರ್ ಕಳ್ಳಸಾಗಣೆಯಲ್ಲಿ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಯಾರಿಗೂ ಹೇಳಬೇಡಿ ಎಂದು ಹೆದರಿಸಿದ. ಮಗಳ ಮದುವೆಗೆ ಕೂಡಿಟ್ಟ ಹಣ. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಮಜ್ಜಿಗೆ ಕೇಳಲು ಬಂದಳು. ಅತ್ತೆ, ಪೊಲೀಸರು ಹೀಗೆಲ್ಲ ಮಾಡ್ತಾರಾ ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ಹಣ ಉಳಿಯಿತು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಯಾರಿಗೂ ಹೇಳಬೇಡಿ ಎನ್ನುವವನಿಗೆ ಪ್ರಶ್ನೆಯೆಂದರೆ ಭಯ.

ಆ ಹುಡುಗಿಯ ವಯಸ್ಸಿನವನೇ ಕಾರ್ಲೊ ಅಕುಟಿಸ್. 2025ರ ಸೆಪ್ಟೆಂಬರ್ 7ರಂದು, ಇದೇ ಹಬ್ಬದ ಹಿಂದಿನ ದಿನ, ಜಗದ್ಗುರು 14ನೇ ಲಿಯೋ ಅವರು ಅವನನ್ನು ಸಂತನೆಂದು ಘೋಷಿಸಿದರು. 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮಿಲಾನಿನ ಹುಡುಗ. ಕಂಪ್ಯೂಟರ್ ಕಲಿತು, ಪರಮ ಪ್ರಸಾದದ ಅದ್ಭುತಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ. ಯುವಕರೇ, ಹೇಗೆ ಮಾಡಿದ ಎಂಬುದನ್ನು ನೋಡಿ. ಎಲ್ಲಿ, ಯಾವಾಗ ಎಂದು ಒಂದೊಂದನ್ನೂ ವಿಚಾರಿಸಿ, ಹಲವು ಸ್ಥಳಗಳಿಗೆ ತಂದೆತಾಯಿಯನ್ನು ಕರೆದುಕೊಂಡು ಹೋಗಿ ನೋಡಿ ಬರೆದ. ನಮ್ಮ ರೈತ ಹೊಲದಲ್ಲಿ ನಿಂತು ಫೋಟೋ ಕಳಿಸಿದ ಹಾಗೆ.

ಬಲಿಪೂಜೆ ಮುಗಿದ ಮೇಲೆ ಎಲ್ಲರಿಗೂ ಊಟವಿದೆ. ಅದಕ್ಕೂ ಮೊದಲು ಬೇವಿನ ಮರದ ಕೆಳಗೆ ನಮ್ಮ ಯುವಕರು ಒಂದು ಬೆಂಚು ಹಾಕಿದ್ದಾರೆ. ಹಿರಿಯರು ನಿಮ್ಮ ಫೋನ್ ತೆಗೆದುಕೊಂಡು ಅಲ್ಲಿಗೆ ಹೋಗಿ. ಸೈಬರ್ ವಂಚನೆಯ ದೂರಿಗೆ 1930 ನಂಬರನ್ನು ಅದರಲ್ಲಿ ಹಾಕಿಕೊಡುತ್ತಾರೆ, ನಿಮಗೆ ಬಂದ ಅನುಮಾನದ ಸಂದೇಶಗಳನ್ನು ಓದಿ ಹೇಳುತ್ತಾರೆ. ಕೈ ಮುರಿದುಕೊಂಡಿದ್ದ ನಮ್ಮ ಹುಡುಗನೂ ಅಲ್ಲಿರುತ್ತಾನೆ. ಎಷ್ಟು ಪ್ರಶ್ನೆ ಬೇಕಾದರೂ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಒಟಿಪಿ ಮಾತ್ರ ಅವನಿಗೂ ಹೇಳಬೇಡಿ.