ಜಪಾನಿನಲ್ಲಿ ನಾವು ಕಂಡದ್ದು

(ಹಿರೇಬೆಂಡಿಗೇರಿಯಲ್ಲಿ ಶ್ರಾವಣಮಾಸದ ಪ್ರವಚನದ ಸಂದರ್ಭದಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)





ನಾವು ಜಪಾನು ದೇಶಕ್ಕೆ ಹೋಗಿಬಂದು ಒಂಬತ್ತು ತಿಂಗಳಾಯಿತು. ಅಂದಿನಿಂದ ಎಲ್ಲಿ ಬಿಜಯಮಾಡಿದರೂ ಭಕ್ತರು ಅದನ್ನೇ ಕೇಳುತ್ತಾರೆ. ಈ ಸಂಜೆ ನಿಮ್ಮೂರಿನ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ಕೇಳಿದ ರೀತಿಯಂತೂ ಬೇರೆಯೇ ಆಗಿತ್ತು: "ಅಜ್ಜಾರ, ಅಲ್ಲಿ ದೇವರು ಅದಾನೇನ್ರಿ?" ನಾವು ನಕ್ಕು ಮುಂದೆ ಬಂದೆವು. ಆದರೆ ಆ ಪ್ರಶ್ನೆ ನಗುವಂಥದಲ್ಲ. ಇಂದು ಅದಕ್ಕೇ ಉತ್ತರ ಹೇಳಲು ಪ್ರಯತ್ನಿಸುತ್ತೇವೆ.

ಮೊದಲು ಒಂದು ಮಾತು. ನಾವು ಅಲ್ಲಿಗೆ ಯಾವ ಧರ್ಮಸಮ್ಮೇಳನಕ್ಕೂ ಹೋಗಿರಲಿಲ್ಲ. ಈ ಸೀಮೆಯ ಭಕ್ತರೊಬ್ಬರ ಮಗ ಟೋಕಿಯೋ ನಗರದಲ್ಲಿ ಇಂಜಿನಿಯರ್ ಆಗಿದ್ದಾರೆ. ಅವರು ಬಹಳ ದಿನದಿಂದ ಕರೆಯುತ್ತಿದ್ದರು. ಕಾರ್ತಿಕದಲ್ಲಿ ಹನ್ನೊಂದು ದಿನ ಹೋದೆವು. ವೀಸಾ ಅರ್ಜಿಯಲ್ಲಿ 'ಬರುವ ಉದ್ದೇಶ' ಎಂದು ಕೇಳಿದ್ದರು. 'ಪ್ರವಾಸ' ಎಂದು ಬರೆದು ಸಹಿ ಮಾಡಿದೆವು. ಮಠಾಧಿಪತಿಗಳ ಸಂಚಾರವೆಂದರೆ ನಿಮಗೆ ಗೊತ್ತೇ ಇದೆ: ಡೊಳ್ಳು, ಕುಂಭ, ಪಾದಪೂಜೆ, ಮುಂದೊಬ್ಬ ಹಿಂದೊಬ್ಬ ಮರಿ. ಅಲ್ಲಿ ಅದಾವುದೂ ಇಲ್ಲ. ವಿಮಾನದಿಂದ ಇಳಿದ ಸಾವಿರಾರು ಜನರಲ್ಲಿ ನಾವೂ ಒಬ್ಬರು, ಕಾವಿ ಬಟ್ಟೆಯುಟ್ಟ ಒಬ್ಬ ಪ್ರವಾಸಿ. ನಮ್ಮ ಚೀಲವನ್ನು ನಾವೇ ಎಳೆದೆವು. ಮೊದಲ ದಿನ ಅದು ಭಾರವೆನಿಸಿತು. ಮೂರನೆಯ ದಿನಕ್ಕೆ ಏನೋ ಒಂದು ಹಗುರವೆನಿಸಿತು.

ಕನ್ನಡಿಗರಲ್ಲಿ ಜಪಾನನ್ನು ಕಣ್ಣಿಟ್ಟು ನೋಡಿಬಂದ ಮಹನೀಯರೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರು. ೧೮೯೮ರಲ್ಲಿ, ಮುಂಬಯಿ ಪ್ರಾಂತ್ಯದ ಇಂಜಿನಿಯರಾಗಿದ್ದಾಗಲೇ, ಅವರು ಅಲ್ಲಿಗೆ ಹೋದರು. ಅಂದು ನಮ್ಮ ಧಾರವಾಡ ಸೀಮೆಯೂ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಹಡಗಿನ ಪ್ರಯಾಣದ ಆ ಕಾಲದಲ್ಲಿ ಹೋಗಿ, ಶಾಲೆಗಳನ್ನೂ ಕಾರ್ಖಾನೆಗಳನ್ನೂ ನೋಡಿ, ಬೇಕಾದುದನ್ನು ಬರೆದುಕೊಂಡು ಬಂದರು. ಜಪಾನು ತನ್ನ ಬಾಗಿಲು ತೆರೆದು ಆಗ ಐವತ್ತು ವರ್ಷವೂ ಆಗಿರಲಿಲ್ಲ. ೧೯೧೨ರಲ್ಲಿ ಅವರು ಮೈಸೂರಿನ ದಿವಾನರಾದ ಮೇಲೆ ಶಿಕ್ಷಣಕ್ಕೂ ಉದ್ಯಮಕ್ಕೂ ಕೊಟ್ಟ ಒತ್ತನ್ನು ಕಂಡರೆ, ಆ ಪ್ರವಾಸಿಯ ಚೀಲದಲ್ಲಿ ಏನು ಬಂದಿತ್ತೆಂಬುದು ತಿಳಿಯುತ್ತದೆ. ಇಂದಿನವರು ಹೋದರೆ ಫೋಟೋ ತರುತ್ತಾರೆ. ನಾವೂ ತಂದೆವು, ಅದನ್ನು ಮುಚ್ಚಿಡುವುದಿಲ್ಲ.

ಊಟದ ಕಷ್ಟವನ್ನು ತಾಯಂದಿರು ಕೇಳಿಯೇ ಕೇಳುತ್ತಾರೆ. ಅಲ್ಲಿ ಕಾಯಿಪಲ್ಯದ ಸಾರಿಗೂ ಒಣಮೀನು ಹಾಕಿ ಕುದಿಸಿದ ನೀರೇ ಮೂಲ. 'ಮಾಂಸವಿಲ್ಲ' ಎಂದು ನಗುಮೊಗದಿಂದ ತಂದಿಡುತ್ತಾರೆ. ಮೀನನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗಾಗಿ ಮೊದಲ ಐದು ದಿನ ಆ ಭಕ್ತರ ಮನೆಯ ಪ್ರಸಾದ, ಇಲ್ಲವೆ ನೀವು ಕಟ್ಟಿಕೊಟ್ಟ ಖಡಕ ರೊಟ್ಟಿ, ಶೇಂಗಾ ಚಟ್ನಿ. ಲಿಂಗಪೂಜೆಗೆ ಎಲ್ಲಿಯೂ ಅಡ್ಡಿಯಾಗಲಿಲ್ಲ. ಎಲ್ಲ ಕಡೆಗೂ ನೀರು ಶುದ್ಧ, ಸ್ಥಳ ಶುದ್ಧ.

ಟೋಕಿಯೋದಿಂದ ಕ್ಯೋಟೋಕ್ಕೆ ಹೋಗುವ ವೇಗದ ರೈಲು ೧೯೬೪ರಿಂದ ಓಡುತ್ತಿದೆ. ರೈಲಿಗಿಂತ ನಮ್ಮ ಗಮನ ಸೆಳೆದವರು ಅದನ್ನು ಗುಡಿಸುವವರು. ಗಾಡಿ ಬಂದು ನಿಂತಿತು. ಸಮವಸ್ತ್ರದ ಹೆಣ್ಣುಮಕ್ಕಳು, ಗಂಡಸರು ಒಳಗೆ ಹೋದರು. ಏಳು ನಿಮಿಷದಲ್ಲಿ ಇಡೀ ಗಾಡಿ ಒರೆಸಿ, ಆಸನಗಳನ್ನು ತಿರುಗಿಸಿ, ಹೊರಗೆ ಬಂದು ಸಾಲಾಗಿ ನಿಂತು ಪ್ರಯಾಣಿಕರಿಗೆ ಬಾಗಿ ನಮಸ್ಕರಿಸಿದರು. ನಾವೂ ಕೈಮುಗಿದೆವು. ಮುಗಿದ ಮೇಲೆ ಒಂದು ವಿಚಾರ ಬಂದಿತು: ನಮ್ಮ ಮಠದ ಅಂಗಳ ಗುಡಿಸುವವರಿಗೆ ನಾವು ಎಂದಾದರೂ ಕೈಮುಗಿದಿದ್ದೇವೆಯೆ?

ನಾರಾ ಎಂಬ ಹಳೆಯ ರಾಜಧಾನಿಯಲ್ಲಿ ತೋದಾಯಿಜಿ ಎಂಬ ಮಂದಿರವಿದೆ. ಸುಮಾರು ಹದಿನೈದು ಮೀಟರ್ ಎತ್ತರದ ಕಂಚಿನ ಬುದ್ಧ ಅಲ್ಲಿದ್ದಾನೆ. ೭೫೨ರಲ್ಲಿ ಆ ಮೂರ್ತಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ನಮ್ಮ ದೇಶದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಅವನ ಕೈಯ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರು ಆ ದಾರ ಹಿಡಿದು ಪ್ರತಿಷ್ಠೆಯ ಪುಣ್ಯದಲ್ಲಿ ಪಾಲುಗೊಂಡರಂತೆ. ಬರೆದದ್ದು ಒಂದು ಕೈ, ಹಿಡಿದದ್ದು ಎಷ್ಟೋ ಕೈ. ಈ ಚಿತ್ರ ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಅಲ್ಲಿಂದ ಕೋಯಾ ಪರ್ವತಕ್ಕೆ ಹೋದೆವು. ರೈಲು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಗ್ಗ ಎಳೆಯುವ ಗಾಡಿ ಕಡಿದಾದ ಏರನ್ನು ಹತ್ತಿಸುತ್ತದೆ. ಮೇಲೆ ಸುಮಾರು ಎಂಟುನೂರು ಮೀಟರ್ ಎತ್ತರದಲ್ಲಿ ನೂರಕ್ಕೂ ಮಿಕ್ಕಿ ಮಂದಿರಗಳು. ಕೂಕಾಯಿ ಎಂಬ ಆಚಾರ್ಯರು ೮೦೪ರಲ್ಲಿ ಚೀನಾಕ್ಕೆ ಹೋಗಿ ಮಂತ್ರಶಾಸ್ತ್ರವನ್ನೂ ಸಂಸ್ಕೃತವನ್ನೂ ಕಲಿತು ಬಂದು, ೮೧೬ರಲ್ಲಿ ಈ ಸ್ಥಳವನ್ನು ಪಡೆದರು. ಅವರು ೮೩೫ರಲ್ಲಿ ದೇಹ ಬಿಡಲಿಲ್ಲ, ಇಂದಿಗೂ ಸಮಾಧಿಯಲ್ಲಿ ಕುಳಿತಿದ್ದಾರೆಂದು ಅಲ್ಲಿಯ ಭಕ್ತರ ನಂಬಿಗೆ. ದಿನಕ್ಕೆ ಎರಡು ಸಲ ಅವರಿಗೆ ನೈವೇದ್ಯ ಹೊತ್ತು ಹೋಗುತ್ತಾರೆ. ನಮ್ಮ ಗದ್ದುಗೆಗಳನ್ನು ಬಲ್ಲ ನಿಮಗೆ ಇದು ಹೊಸದೆನಿಸಲಿಕ್ಕಿಲ್ಲ.

ಆ ಸಮಾಧಿಗೆ ಹೋಗುವ ದಾರಿ ಎರಡು ಕಿಲೋಮೀಟರ್. ಎರಡೂ ಬದಿಗೆ ಆಕಾಶಕ್ಕೆ ಮುಟ್ಟುವ ದೇವದಾರುವಿನಂಥ ಮರಗಳು, ಅವುಗಳ ಕೆಳಗೆ ಲಕ್ಷಗಟ್ಟಲೆ ಗೋರಿಗಳು. ಒಂದು ಗೋರಿಯ ಕಲ್ಲಿನ ಮುಂದೆ ನಾವು ನಿಂತುಬಿಟ್ಟೆವು. ಐದು ಕಲ್ಲು ಒಂದರ ಮೇಲೊಂದು. ಒಂದೊಂದರ ಮೇಲೂ ಒಂದೊಂದು ಅಕ್ಷರ. ಅದು ಜಪಾನೀ ಅಲ್ಲ. ನಮ್ಮ ಬ್ರಾಹ್ಮಿಯಿಂದ ಹುಟ್ಟಿದ ಸಿದ್ಧಂ ಲಿಪಿ. ಮೇಲಿನಿಂದ ಕೆಳಗೆ ಖ, ಹ, ರ, ವ, ಅ: ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿ. ನಮ್ಮ ಭೂತಶುದ್ಧಿಯ ಬೀಜಾಕ್ಷರಗಳಿಗೂ ಇವಕ್ಕೂ ಸ್ವಲ್ಪ ವ್ಯತ್ಯಾಸವಿದೆ. ರಕಾರ ಅಗ್ನಿಗೆ, ವಕಾರ ಜಲಕ್ಕೆ ಎಂಬುದು ಎರಡೂ ಕಡೆ ಒಂದೇ. ಅವರ ಮಕ್ಕಳು ಶಾಲೆಯಲ್ಲಿ ಕಲಿಯುವ ಅಕ್ಷರಮಾಲೆಯೂ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ ಎಂದು ನಮ್ಮ ಕ್ರಮದಲ್ಲಿಯೇ ನಡೆಯುತ್ತದೆ. ಚಿಕ್ಕಂದಿನಲ್ಲಿ ಗುರುಗಳ ಮುಂದೆ ಕುಳಿತು ಬಾಯಿಪಾಠ ಮಾಡಿದ್ದು ಆ ಚಳಿಯ ಗುಡ್ಡದಲ್ಲಿ ಕಲ್ಲಿನಲ್ಲಿ ಕಂಡಾಗ ನಮ್ಮ ಕಣ್ಣು ತುಂಬಿದವು. 'ನಾವು ಇವರಿಗೆ ಕಲಿಸಿದೆವು' ಎಂಬ ಹಮ್ಮೂ ಬಂದಿತೆಂದು ಒಪ್ಪಿಕೊಳ್ಳುತ್ತೇವೆ.

ಆ ಹಮ್ಮು ಹನ್ನೆರಡು ತಾಸು ಸಹ ಉಳಿಯಲಿಲ್ಲ.

ಅಂದು ರಾತ್ರಿ ಅಲ್ಲಿಯ ಒಂದು ಮಂದಿರದಲ್ಲಿಯೇ ವಸತಿ. ಅವರ ಅಡಿಗೆಯಲ್ಲಿ ಮೀನು-ಮಾಂಸವಿಲ್ಲ, ಉಳ್ಳಾಗಡ್ಡಿ-ಬಳ್ಳೊಳ್ಳಿಯೂ ಇಲ್ಲ. ತೃಪ್ತಿಯಾಗಿ ಪ್ರಸಾದ ಮಾಡಿದೆವು. ಒಳಗೆ ಬರುವಾಗ ನಾವು ಪಾದರಕ್ಷೆಗಳನ್ನು, ಇಲ್ಲಿ ಬಿಡುವ ಹಾಗೆ, ಒಂದು ಅತ್ತ ಒಂದು ಇತ್ತ ಬಿಟ್ಟು ಮೆಟ್ಟಿಲು ಹತ್ತಿದ್ದೆವು. ತಿರುಗಿ ನೋಡಿದರೆ, ಒಬ್ಬ ಎಳೆಯ ಸನ್ಯಾಸಿ ಬಾಗಿ ಅವುಗಳನ್ನು ಜೋಡಿಸಿ, ನಾವು ಹೊರಡುವಾಗ ಮೆಟ್ಟಲು ಅನುಕೂಲವಾಗುವಂತೆ ಮೊಗ ತಿರುಗಿಸಿ ಇಡುತ್ತಿದ್ದ. ಅವನ ಮುಖದಲ್ಲಿ ದಾಸ್ಯವಿರಲಿಲ್ಲ, ಬೇಸರವೂ ಇರಲಿಲ್ಲ. ಪಕ್ಕದಲ್ಲಿದ್ದ ಅವನ ಪಾದರಕ್ಷೆಗಳೂ ಹಾಗೆಯೇ ಇದ್ದವು.

ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದೆವು. ಉದ್ದನೆಯ ಮರದ ಪಡಸಾಲೆ. ಎಪ್ಪತ್ತು ದಾಟಿದ ಒಬ್ಬ ವೃದ್ಧರು ಮೊಳಕಾಲೂರಿ ಒದ್ದೆ ಅರಿವೆಯಿಂದ ನೆಲ ಒರೆಸುತ್ತಿದ್ದರು. ಸೇವಕರಿರಬೇಕೆಂದು ನಾವು ದಾಟಿ ಹೋಗುವವರಿದ್ದೆವು. ನಮ್ಮ ಜೊತೆಗಿದ್ದ ಇಂಜಿನಿಯರರು ಮೆಲ್ಲಗೆ ಹೇಳಿದರು: "ಅಜ್ಜಾರ, ಇವರೇ ಈ ಮಂದಿರದ ಅಧಿಪತಿಗಳು."

ಶರಣಬಂಧುಗಳೇ, ನಾವು ವಟುವಾಗಿದ್ದಾಗ ಗೋಶಾಲೆಯ ಸಗಣಿ ಬಳಿದವರು. ಪಟ್ಟವಾದ ದಿನದಿಂದ ಇಂದಿನವರೆಗೆ ಒಂದು ಕಸಬರಿಗೆಯನ್ನು ಮುಟ್ಟಿರಲಿಲ್ಲ. ಯಾರೂ ಮುಟ್ಟಬೇಡಿರೆಂದು ಹೇಳಿರಲಿಲ್ಲ. ಮುಟ್ಟಗೊಡಲಿಲ್ಲ, ನಾವೂ ಕೇಳಲಿಲ್ಲ. ಅಂದು ನಾವೂ ಒಂದು ಅರಿವೆ ತೆಗೆದುಕೊಂಡೆವು. ಹಿಂಡಲು ಬರಲಿಲ್ಲ, ನೀರು ಸೋರಿತು. ಆ ವೃದ್ಧರು ನಕ್ಕು, ನಮ್ಮ ಕೈಯಿಂದ ತೆಗೆದುಕೊಂಡು, ಹಿಂಡುವುದು ಹೇಗೆಂದು ತೋರಿಸಿಕೊಟ್ಟರು.

ಟೋಕಿಯೋಕ್ಕೆ ಮರಳಿ ಇದನ್ನು ಹೇಳಿದಾಗ ಆ ಮನೆಯ ತಾಯಿ ತಮ್ಮ ಮಾತು ಹೇಳಿದರು. ಅಲ್ಲಿ ಶಾಲೆಯ ಮಕ್ಕಳೇ ತಮ್ಮ ವರ್ಗದ ಕೋಣೆ ಗುಡಿಸಿ ಒರೆಸುತ್ತಾರೆ, ಊಟವನ್ನೂ ಸರತಿಯಂತೆ ಅವರೇ ಬಡಿಸುತ್ತಾರೆ. ಅವರ ಮಗಳೂ ಮಾಡುತ್ತಾಳೆ. ಈ ಸುದ್ದಿ ಊರಿಗೆ ತಿಳಿದಾಗ ಅಜ್ಜಿ ಫೋನಿನಲ್ಲಿ ಅತ್ತರಂತೆ: "ಪರದೇಶಕ್ಕ ಒಯ್ದು ನನ್ನ ಮೊಮ್ಮಗಳ ಕಡೆ ಕಸಾ ಹೊಡಸ್ತೀರೇನ?" ಆ ಅಜ್ಜಿಯನ್ನು ನಾವು ದೂರುವುದಿಲ್ಲ. ಕಸ ಹೊಡೆಯುವವರನ್ನು ಈ ಸೀಮೆಯಲ್ಲಿ ಹೇಗೆ ಕಾಣುತ್ತಾರೆಂಬುದನ್ನು ಅವರು ಬಲ್ಲರು, ಅದಕ್ಕೇ ಅತ್ತರು.

ಜಪಾನು ಸ್ವರ್ಗವೆಂದು ಹೇಳಲು ನಾವು ಬಂದಿಲ್ಲ. ಚರ್ಮದ ಕೆಲಸ, ಹೆಣದ ಕೆಲಸ ಮಾಡುವವರನ್ನು ಅವರೂ ಊರ ಹೊರಗಿಟ್ಟಿದ್ದರು. ೧೮೭೧ರಲ್ಲಿ ಕಾಯಿದೆಯಿಂದ ಆ ಭೇದ ಹೋಯಿತು. ಮನಸ್ಸಿನಿಂದ ಹೋಗಲು ಬಹುಕಾಲ ಹಿಡಿಯಿತು, ಪೂರ್ತಿ ಹೋಗಿಲ್ಲವೆಂದೂ ಹೇಳುತ್ತಾರೆ. ಅದೇ ಕೋಯಾ ಪರ್ವತಕ್ಕೆ ೧೮೭೨ರವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ದೂರದಿಂದ ಬಂದವರು ಪ್ರಾರ್ಥಿಸಿ ಮರಳುತ್ತಿದ್ದ ಹೊರಗಿನ ಮನೆ ಇಂದಿಗೂ ನಿಂತಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣಿನ ಕೊರಳಿಗೆ ಲಿಂಗ ಕಟ್ಟಿದ ಶರಣರನ್ನು ಅದರ ಮುಂದೆ ನೆನೆದೆವು. ಶರಣರನ್ನು ನೆನೆದ ಮೇಲೆ ನಮ್ಮ ಲೆಕ್ಕವನ್ನೂ ಕೊಡಬೇಕಾಗುತ್ತದೆ. ಹಿರೇಕೆರೂರು ದಾಟಿದರೆ ಶಿರಾಳಕೊಪ್ಪ, ಅದರ ಹತ್ತಿರ ಜಂಬೂರು. ಅಲ್ಲಿಯ ಸತ್ಯಕ್ಕನ ಕಾಯಕ ಯಾವುದು? ಶಿವಭಕ್ತರ ಅಂಗಳ ಗುಡಿಸುವುದು. ಜಪಾನಿಗೆ ಹೋಗಿ ಕಲಿಯಬೇಕಾದ ವಿದ್ಯೆಯೇ ಇದು? ನಮ್ಮ ಹಿರಿಯರು ಪ್ರಸಾದದ ಗಂಗಾಳ ತೊಳೆದು ಆ ನೀರನ್ನೇ ಕುಡಿಯುತ್ತಿದ್ದರು. ಎಂಜಲೆಂಬುದೇ ಉಳಿಯುತ್ತಿರಲಿಲ್ಲ. ಇಂದು ನಮ್ಮ ಮಠದ ದಾಸೋಹದಲ್ಲಿ ಸಾವಿರ ಜನ ಉಂಡು ಏಳುತ್ತಾರೆ. ಪತ್ರಾವಳಿ ಎತ್ತಲು ನಾಲ್ಕೇ ಮನೆಯವರು. ತಂದೆ ಎತ್ತಿದ, ಮಗ ಎತ್ತುತ್ತಾನೆ. ಅವರು ಉಣ್ಣುವುದು ಎಲ್ಲರ ಕಡೆಗೆ, ಬೇರೆ ಕುಳಿತು. ಇದನ್ನು ಮೂವತ್ತು ವರ್ಷ ಗದ್ದುಗೆಯ ಮೇಲೆ ಕುಳಿತು ನೋಡಿದವರು ನಾವೇ. ತಪ್ಪು ನಿಮ್ಮದೆಂದು ಹೇಳಲು ನಮಗೆ ಬಾಯಿಲ್ಲ.

ಮರಳಿ ಬಂದ ವಾರವೇ ನಮ್ಮ ಕೋಣೆಯ ಕಸ ನಾವೇ ಹೊಡೆಯಲು ಆರಂಭಿಸಿದೆವು. ಮರಿಗಳು ಗಾಬರಿಯಾದರು; ಈಗ ರೂಢಿಯಾಗಿದೆ. ಕೆಲವು ಹಿರಿಯ ಭಕ್ತರಿಗೆ ಇದು ಸೇರಿಲ್ಲವೆಂದು ನಮ್ಮ ಕಿವಿಗೆ ಬಿದ್ದಿದೆ. ಅವರು ಇಲ್ಲಿಯೂ ಕುಳಿತಿದ್ದಾರೆ, ಸಂತೋಷ.

ಕಟ್ಟೆಯ ಮೇಲಿನ ಹಿರಿಯರು ಎಲ್ಲಿದ್ದೀರಿ? ಆ ಪಡಸಾಲೆಯಲ್ಲಿ ನಾವು ಕಂಡದ್ದನ್ನು ಹೇಳಿದೆವು. ಅದು ದೇವರು ಹೌದೋ ಅಲ್ಲವೋ, ನೀವೇ ಹೇಳಿರಿ.

ಇಂದು ಗೋದಿಹುಗ್ಗಿ ಪ್ರಸಾದ ಸಿದ್ಧವಾಗಿದೆ. ಆ ನಾಲ್ಕು ಮನೆಯವರನ್ನು ನಾವೇ ಕರೆಸಿದ್ದೇವೆ; ಮೊದಲ ಪಂಕ್ತಿಯಲ್ಲಿ ನಮ್ಮ ಎಡಬಲಕ್ಕೆ ಅವರು ಕೂಡುತ್ತಾರೆ. ಬುಟ್ಟಿಗಳನ್ನು ಮೂಡಣ ಬಾಗಿಲ ಹತ್ತಿರ ಇಡಿಸಿದ್ದೇವೆ. ಉಂಡಾದ ಮೇಲೆ ನಮ್ಮ ಎಲೆಯನ್ನು ನಾವು ಎತ್ತಿಕೊಂಡು ಹೋಗಿ ಹಾಕುತ್ತೇವೆ. ಇನ್ನು ಏಳಿರಿ, ಹೊತ್ತಾಯಿತು, ಮಕ್ಕಳು ಹಸಿದಿದ್ದಾರೆ.