ಮನೆಗೂ ಉಸಿರು ಬೇಕು



ಕೆನಡಾದ ಚಳಿಗೆ ಹೆದರಿ ನಾವು ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿದೆವು. ಒಳಗೆ ಇಡ್ಲಿ, ಸಾರಿನ ಹಬೆ. ಮಗಳಿಗೆ ಉಬ್ಬಸ ಬಂದಾಗ ವೈದ್ಯರಾದ ನಾವು ಇನ್‌ಹೇಲರ್ ಕೊಡಿಸಿದೆವೇ ಹೊರತು ಅವಳ ಮಂಚದ ಹಿಂದೆ ನೋಡಲಿಲ್ಲ. ತಣ್ಣನೆಯ ಗೋಡೆಗೆ ತಗುಲಿದ ಹಬೆ ನೀರಾಗಿ, ಅಲ್ಲಿ ಕಪ್ಪು ಬೂಸ್ಟು ಹಿಡಿದಿತ್ತು!

ಹಾಗೆಂದು ಕಿಟಕಿ ತೆರೆದಿಟ್ಟರೆ ಹೀಟಿಂಗ್ ಬಿಲ್ಲು ನೋಡಿ ತಲೆ ತಿರುಗುತ್ತದೆ. ಈ ಇಕ್ಕಟ್ಟಿಗೆ 1977ರಲ್ಲೇ ಸಸ್ಕಾಚೆವಾನ್ ಪ್ರಾಂತ್ಯದ ರೆಜೈನಾದಲ್ಲಿ ಉತ್ತರ ಕಟ್ಟಿ ತೋರಿಸಿದ್ದರು: ದಪ್ಪ ಗೋಡೆ, ಗಾಳಿ ಸೋರದ ಬಿಗಿ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಹೊಸ ಗಾಳಿಗೆ ದಾಟಿಸುವ ಯಂತ್ರ. ಆ ಮನೆಗೆ ಫರ್ನೇಸೇ ಇರಲಿಲ್ಲ.

ನಮ್ಮ ಕೈಗೆಟುಕಿದ್ದಿಷ್ಟು: ಮಗಳ ಕೋಣೆಯ ಗೋಡೆಗೆ ಇನ್ಸುಲೇಷನ್, ಅಡುಗೆಯ ಹಬೆಯನ್ನು ಮನೆಯಾಚೆಗೆ ತಳ್ಳುವ ಫ್ಯಾನು. (ಒಳಗೇ ಸುತ್ತಿಸುವ ಫ್ಯಾನಿಗೆ ದುಡ್ಡು ದಂಡ.) ಉಬ್ಬಸ ಪೂರ್ತಿ ಹೋಗಿಲ್ಲ, ಈ ಚಳಿಗಾಲದಲ್ಲಿ ಮಗು ರಾತ್ರಿ ಎದ್ದು ಕೂತದ್ದು ಎರಡೇ ಬಾರಿ.